ಹಟದ ಕರಿಯ ತೊಟ್ಟಿ

ಆ ಮನೆಯವರು ಬೆಳೆಯುತ್ತಿದ್ದುದು ಎರಡೇ ಬಗೆಯ ದ್ರಾಕ್ಷಿ. ಎಲ್ಲರಿಗಿಂತ ಮೊದಲು ಹಣ್ಣಾಗುವ ಬಿಳಿಯದಕ್ಕೆ ಅವಸರದ ಬಿಳಿ ಎಂದು ಹೆಸರು. ಊರಿನವರ ತೋಟಗಳೆಲ್ಲ ಬರಿದಾದ ಮೇಲೂ ಗೊಂಚಲು ಬಿಗಿಹಿಡಿದು ಕೂತಿರುವ ಸಣ್ಣ ಕಾಳಿನ ಕಪ್ಪಿಗೆ ಹಟದ ಕರಿ ಎಂದು ಹೆಸರು. ಬೇರೆ ವೈನ್ ಮನೆಗಳವರು ಹತ್ತು ಬಗೆ ಬೆಳೆದು ಹತ್ತು ಬಣ್ಣದ ಸೀಸೆ ತುಂಬುವಾಗ, ಇವರಪ್ಪ ನಗುತ್ತಿದ್ದನಂತೆ. "ದೇವರು ಕೊಟ್ಟಿದ್ದು ಎರಡು ಕೈ. ಮೂರನೇ ದ್ರಾಕ್ಷೀನ ಯಾವ ಕೈಲಿ ಹಿಡೀಲಿ?"

ಎರಡು ದ್ರಾಕ್ಷಿಗೆ ಎರಡು ತೊಟ್ಟಿ. ಮನೆಯ ಹಿಂದಿನ ಉಗ್ರಾಣದಲ್ಲಿ ಅಕ್ಕಪಕ್ಕ ನಿಂತ ಸಿಮೆಂಟಿನ ತೊಟ್ಟಿಗಳು ಅವು. ಒಂದೊಂದೂ ಒಂದು ಕೋಣೆಯಷ್ಟು ದೊಡ್ಡದು. ಜಜ್ಜಿದ ಹಣ್ಣು ಸುರಿಯಲು ನೆತ್ತಿಯಲ್ಲಿ ಕೊಡದ ಬಾಯಿಯಷ್ಟು ತೂತು. ಸಿಪ್ಪೆ ಎಳೆಯಲು, ತೊಳೆಯಲು ಕೆಳಗೊಂದು ಬಾಗಿಲು. ಬಿಳಿಯ ತೊಟ್ಟಿ ಹಳೆಯದು, ಅದರ ಬಾಗಿಲಲ್ಲಿ ಕುರಿ ನುಗ್ಗಬಹುದು. ಒಂದು ವರ್ಷ ಆ ಬಾಗಿಲೇ ಒಡೆದು ವರ್ಷದ ರಸವೆಲ್ಲ ಬೀದಿಯ ಚರಂಡಿಗೆ ಹರಿದಿತ್ತು. ಅಪ್ಪ ಅದನ್ನು ಮರೆಯಲಿಲ್ಲ. ಕರಿಗೆಂದು ಹೊಸ ತೊಟ್ಟಿ ಕಟ್ಟಿಸುವಾಗ ಗಾರೆಯವನಿಗೆ ಹೇಳಿದ: "ಬಾಗಿಲು ಹಿಗ್ಗಿದಷ್ಟೂ ಸೋರಿಕೆ ಹಿಗ್ಗುತ್ತೆ. ಒಳಗೆ ಹೋಗಿ ಕೆರೆಯೋಳು ಇವಳು ತಾನೇ? ಇವಳಿಗೆ ಹಿಡಿಸಿದರೆ ಸಾಕು."

ಹತ್ತು ವರ್ಷದ ಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ. ಗಾರೆಯವನು ಭುಜದಿಂದ ಭುಜಕ್ಕೆ ದಾರ ಹಿಡಿದು, "ಎರಡು ಬೆರಳು ಜಾಸ್ತಿ ಬಿಡ್ತೀನಿ" ಎಂದ. "ಒಂದು ಸಾಕು" ಎಂದ ಅಪ್ಪ.

ಮಕ್ಕಳು ಬೆಳೆಯುತ್ತಾರೆಂಬುದು ಅಪ್ಪನಿಗೆ ಗೊತ್ತಿರಲಿಲ್ಲವೆಂದಲ್ಲ. ಇವಳು ಬೆಳೆದ ಮೇಲೆ ಇನ್ನೊಂದು ಮಗು ಇದ್ದೇ ಇರುತ್ತದೆಂದು ಅವನ ಲೆಕ್ಕ. ಆದರೆ ದೇವರ ಲೆಕ್ಕದಲ್ಲಿ ಆ ಮನೆಗೆ ಎರಡೇ ಮಕ್ಕಳು. ದೊಡ್ಡವನಾದ ಅಣ್ಣನ ಭುಜ ಆಗಲೇ ನೊಗ ಹೊರುವಂತಿತ್ತು. ಸಿಮೆಂಟು ಹದಿನೈದು ದಿನದಲ್ಲಿ ಕಲ್ಲಾಯಿತು. ಹುಡುಗಿ ಮಾತ್ರ ಕಲ್ಲಾಗುವಂತಿರಲಿಲ್ಲ. ಆದ್ದರಿಂದ ಕಡ್ಡಿಯಾದಳು.

ಕಡ್ಡಿ ಎಂದೇ ಎಲ್ಲರೂ ಕರೆಯುವುದು. ಮೂವತ್ಮೂರು ಕೊಯ್ಲು ಕಳೆದು ಈಗ ಅವಳಿಗೆ ನಲವತ್ಮೂರು. ಪ್ರತಿ ವರ್ಷ ಹೊಸ ಹಣ್ಣು ಬರುವ ಮುನ್ನ ಹಳೆಯ ರಸದಿಂದ ತೊಟ್ಟಿಯ ಒಳಗೋಡೆಗೆ ಕಟ್ಟಿದ ಕೆಂಪು ಹರಳಿನ ಪದರವನ್ನು ಮರದ ಕೆರೆಯುವ ಹಲಗೆಯಿಂದ ಬಿಡಿಸಬೇಕು. ನೀರು ಹೊಡೆದರೆ ಹೋಗುವಂಥದ್ದಲ್ಲ ಅದು. ಕೈಯೇ ಬೇಕು. ಒಂದು ತೋಳನ್ನು ತಲೆಯ ಮೇಲೆ ಚಾಚಿ, ಇನ್ನೊಂದು ಭುಜವನ್ನು ಇಳಿಬಿಟ್ಟು, ಎದೆಯಲ್ಲಿರುವ ಉಸಿರನ್ನೆಲ್ಲ ಹೊರಗೆ ಬಿಟ್ಟು, ಓರೆಯಾಗಿ ಅವಳು ಆ ಬಾಗಿಲಲ್ಲಿ ತೂರುತ್ತಿದ್ದಳು. ಎದೆ ಬಾಗಿಲಿನ ನಡುವೆ ಇರುವಾಗ ಒಂದು ಗಳಿಗೆ ಬರುತ್ತದೆ. ಆಗ ಅವಳು ಹೊರಗಿನವಳೂ ಅಲ್ಲ, ಒಳಗಿನವಳೂ ಅಲ್ಲ, ಉಸಿರು ತೆಗೆದುಕೊಳ್ಳಲು ಜಾಗವೂ ಇಲ್ಲ. ಆ ಗಳಿಗೆಯಲ್ಲಿ ಅವಳು ದೇವರನ್ನು ಕರೆಯುತ್ತಿದ್ದಳು. ಬಾಯಿಂದ ಕರೆಯಲು ಉಸಿರಿಲ್ಲದ್ದರಿಂದ ಮನಸ್ಸಿನಲ್ಲಿ ಕರೆಯುತ್ತಿದ್ದಳು. ಬಾಯಿಯಿಲ್ಲದ ಪ್ರಾರ್ಥನೆಯೇ ಬೇಗ ಮುಟ್ಟುತ್ತದೆಂದು ಹಿರಿಯರು ಹೇಳುವುದುಂಟು. ಮುಟ್ಟುತ್ತಿತ್ತೋ ಏನೋ, ಮೂವತ್ಮೂರು ವರ್ಷವೂ ಅವಳು ಹೋದಳು, ಬಂದಳು.

ತಿನ್ನಬೇಡ ಎಂದು ಅಣ್ಣ ಒಂದು ದಿನವೂ ಅಂದವನಲ್ಲ. ಕೆಟ್ಟವನಲ್ಲ ಅವನು. ತೋಟದಲ್ಲಿ ಕರಿಯ ಕಾಯಿ ಬಣ್ಣ ತಿರುಗಿದ ಮೇಲೆ ತಂಗಿಯ ತಟ್ಟೆಯ ಕಡೆ ಒಮ್ಮೆ ನೋಡಿ, "ಏನು ಕಡ್ಡಿ, ಗುಡ್ಡ ಆಗೋ ಯೋಚನೇನಾ?" ಎಂದು ನಗುತ್ತಿದ್ದ. ಅಷ್ಟೇ. ಅವಳು ಎರಡನೇ ಸಲ ಬಡಿಸಿಕೊಳ್ಳುತ್ತಿರಲಿಲ್ಲ. ಒಂದು ವರ್ಷ ಒಳ್ಳೆಯ ಕಡೆಯಿಂದ ಗಂಡಿನವರು ಬಂದರು. "ಕೊಯ್ಲು ಮುಗೀಲಿ" ಎಂದರು ಇವರು. ಕೊಯ್ಲು ಮುಗಿಯಿತು. ಅಷ್ಟರಲ್ಲಿ ಅವರಿಗೆ ಬೇರೆ ಹೆಣ್ಣು ಸಿಕ್ಕಿತ್ತು.

ಅಣ್ಣನ ಮಗಳಿಗೆ ಈ ವರ್ಷ ಹತ್ತು ತುಂಬಿತ್ತು. ಮನೆಯಲ್ಲಿ ಅವಳು ಪುಟ್ಟಿ. ಅವಳು ಬೆಳೆಯುತ್ತ ಬಂದ ಹಾಗೆಲ್ಲ ಕಡ್ಡಿಯ ತುತ್ತು ಚಿಕ್ಕದಾಗುತ್ತ ಬಂದಿತ್ತು. ತನಗೆ ಬಾಗಿಲು ಹಿಡಿಯದ ದಿನ ಯಾರ ಭುಜಕ್ಕೆ ದಾರ ಹಿಡಿಯುತ್ತಾರೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಮೊದಲು ಕರಿಗಾಗಿ ಹಸಿದಿದ್ದವಳು ಈಗ ಪುಟ್ಟಿಗಾಗಿ ಹಸಿಯುತ್ತಿದ್ದಳು. ಇನ್ನು ಐದು ವರ್ಷ ತಳ್ಳಿದರೆ ಹುಡುಗಿಯ ಭುಜ ತಾನೇ ಅಗಲವಾಗುತ್ತದೆ, ಆಮೇಲೆ ದೇವರು ನಡೆಸಿದ ಹಾಗೆ. ಆದರೆ ವಯಸ್ಸಿಗೆ ಅನ್ನದ ಹಂಗಿಲ್ಲ. ಉಪವಾಸವಿದ್ದರೂ ಅದು ಸೊಂಟವನ್ನು ಹಿಗ್ಗಿಸುತ್ತದೆ, ಎಲುಬನ್ನು ಬಿಗಿಸುತ್ತದೆ. ಅವಳು ರಾತ್ರಿ ಮಲಗುವಾಗ ತನ್ನ ಭುಜಗಳನ್ನು ತಾನೇ ಗೇಣಿನಿಂದ ಅಳೆದುಕೊಳ್ಳುವುದನ್ನು ಅತ್ತಿಗೆ ಒಮ್ಮೆ ನೋಡಿದ್ದಳು. ನೋಡಿ, ದೀಪ ಆರಿಸಿದ್ದಳು.

ಕೊಯ್ಲಿನ ಬೆಳಿಗ್ಗೆ ಅಂಗಳದಲ್ಲಿ ಕರಿ ದ್ರಾಕ್ಷಿಯ ಪೆಟ್ಟಿಗೆಗಳು ಸಾಲಾಗಿ ಬಂದು ಕೂತವು. ಒದ್ದೆ ಗೋಣಿ ಹೊದಿಸಿದರೂ ಬಿಸಿಲು ಏರುವುದರೊಳಗೆ ಜಜ್ಜಿ ಸುರಿಯಬೇಕು. ಬಾಗಿಲು ಮುಚ್ಚಿ ಅಂಚಿಗೆ ಮೇಣ ಮೆತ್ತಲು ಪ್ರತಿ ವರ್ಷದಂತೆ ಗಾರೆಯಜ್ಜ ಬಂದಿದ್ದ. ಅಂದು ದಾರ ಹಿಡಿದವನೇ ಅವನು. ಈಗ ಕಿವಿಯ ಕೂದಲೂ ಬೆಳ್ಳಗಾಗಿತ್ತು.

"ಏನಮ್ಮ ಕಡ್ಡಿ, ಈ ವರ್ಷ ನನ್ನ ಬಾಗಿಲು ನಿನ್ನ ಗುರುತು ಹಿಡಿಯುತ್ತಾ?"

"ಬಾಗಿಲಿಗೆ ಮರೆವಿಲ್ಲ ಅಜ್ಜ, ನಿನ್ನ ಹಾಗಲ್ಲ."

ಒಳಗೆ ಗಾಳಿ ಕೆಟ್ಟಿದೆಯೋ ಎಂದು ನೋಡಲು ಮೊದಲು ಮೇಣದಬತ್ತಿಯನ್ನು ಕೋಲಿಗೆ ಕಟ್ಟಿ ಒಳಗೆ ಚಾಚಿದರು. ಉರಿ ನೆಟ್ಟಗೆ ನಿಂತಿತು. ಬತ್ತಿಯನ್ನು ಬೆಳಕಿಗೆಂದು ಒಳಗೇ ಬಿಟ್ಟರು. ಕಡ್ಡಿ ಕೈ ಜೋಡಿಸಿ, ತೋಳು ಚಾಚಿ, ಉಸಿರು ಬಿಟ್ಟು ತೂರಿದಳು. ಆ ಗಳಿಗೆ ಬಂದಿತು. ಬಂದದ್ದು ಹೋಗಲಿಲ್ಲ. ಎಡ ಭುಜದ ಎಲುಬು ಸಿಮೆಂಟಿನ ಅಂಚಿಗೆ ಕಚ್ಚಿಕೊಂಡಿತು. ಕಣ್ಣ ಮುಂದೆ ಮಿಣುಕುಹುಳು ಹಾರಿದವು. ಅವಳು ಮನಸ್ಸಿನಲ್ಲಿ ಕರೆದಳು, ಮತ್ತೆ ಕರೆದಳು, ಚರ್ಮ ಸುಲಿದರೂ ಸರಿಯೆಂದು ಕಾಲಿನಿಂದ ನೆಲ ಒದ್ದಳು. ಚರ್ಮ ಸುಲಿಯಿತು. ಅವಳು ಒಳಗೆ ಬಿದ್ದಳು.

ತುಂಬ ಹೊತ್ತು ಅಲ್ಲೇ ಬಿದ್ದು ಉಸಿರೆಳೆದಳು. ಆಮೇಲೆ ಎದ್ದು ಕೆರೆಯತೊಡಗಿದಳು. ಹರಳು ಉದುರುವ ಸದ್ದಿನ ನಡುವೆ ಹೊರಗಿನ ಮಾತು ಕೇಳಿಸಿತು. ತೊಟ್ಟಿ ಎಂದರೆ ಒಂದು ದೊಡ್ಡ ಕಿವಿ. ಅಂಗಳದಲ್ಲಿ ಸೀನಿದರೂ ಒಳಗೆ ಗೊತ್ತಾಗುತ್ತದೆ.

"ನೋಡಿದ್ಯಲ್ಲ ಅಜ್ಜ," ಅಣ್ಣನ ದನಿ. "ಮುಂದಿನ ವರ್ಷ ಇವಳಿಗೆ ಹಿಡಿಯಲ್ಲ."

"ಈ ವರ್ಷವೇ ಹಿಡೀಲಿಲ್ಲಪ್ಪ. ತೂರಿಸಿಕೊಂಡಳು ಅಷ್ಟೆ."

"ಪುಟ್ಟಿ ಇದಾಳಲ್ಲ. ಇವತ್ತೇ ಒಂದು ಸಲ ಒಳಗೆ ಬಿಟ್ಟು ರೂಢಿ ಮಾಡಿಸೋಣ. ಅವಳ ಅತ್ತೆ ಒಳಗೇ ಇದಾಳೆ, ಹೇಳಿಕೊಡ್ತಾಳೆ."

"ನಾನು ಹೋಗ್ಲಾ ಅಪ್ಪ? ಈಗಲೇ ಹೋಗ್ಲಾ?" ಪುಟ್ಟಿಯ ದನಿಯಲ್ಲಿ ಹಿಗ್ಗು ತುಂಬಿ ತುಳುಕುತ್ತಿತ್ತು.

ಕಡ್ಡಿಯ ಕೈ ನಿಂತಿತು. ಹತ್ತನೇ ವಯಸ್ಸಿನಲ್ಲಿ ತಾನೂ ಹೀಗೇ ಹಿಗ್ಗಿದ್ದಳು. ದೊಡ್ಡವರಿಗಾಗದ ಕೆಲಸ ತನಗಾಗುತ್ತದೆಂದು ಬೀದಿಯ ಮಕ್ಕಳಿಗೆಲ್ಲ ಹೇಳಿಕೊಂಡು ಬಂದಿದ್ದಳು. ಮಗುವನ್ನು ಹಿಡಿಯಲು ಬಲೆ ಬೇಡ, ಹೊಗಳಿಕೆ ಸಾಕು.

ಅವಳು ಬಾಗಿಲಿಗೆ ಎದುರಾಗಿ ಕೂತು, ಎರಡೂ ಪಾದಗಳನ್ನು ಬಾಗಿಲಿನ ಅಂಚಿಗೆ ಒತ್ತಿ ಇಟ್ಟಳು. "ಪುಟ್ಟಿ, ಒಳಗೆ ಬರಬೇಡ."

"ಯಾಕತ್ತೆ?"

"ಬೇಡ ಅಂದೆ."

ಅಣ್ಣ ಬಗ್ಗಿ ಇಣುಕಿದ. "ಕಾಲು ತೆಗಿ ಕಡ್ಡಿ. ಏನಾಯ್ತು? ಸಿಕ್ಕಿಹಾಕ್ಕೊಂಡ್ಯಾ?"

"ಇಲ್ಲ. ಕೂತಿದೀನಿ."

"ಕೆರೆದಾಯ್ತಾ?"

"ಅರ್ಧ ಆಯ್ತು. ಇನ್ನರ್ಧ ಕೆರೆಯಲ್ಲ. ಆಚೆನೂ ಬರಲ್ಲ. ಈ ಬಾಗಿಲು ಒಡೆದು ದೊಡ್ಡದು ಮಾಡೋ ತನಕ ಬರಲ್ಲ."

ಹೊರಗೆ ಗಾರೆಯಜ್ಜ ಕೆಮ್ಮಿದ. ಅಣ್ಣ ನಗಲು ನೋಡಿದ. "ಅಂಗಳದಲ್ಲಿ ಹಣ್ಣು ಬೇಯ್ತಾ ಇದೆ, ಇವಳಿಗೆ ತಮಾಷೆ. ಬಾ, ಬಾ. ಮುಂದಿನ ವರ್ಷದ ಮಾತು ಮುಂದಿನ ವರ್ಷ."

"ಮುಂದಿನ ವರ್ಷ ನಾನು ಆಚೆ ಇರ್ತೀನಿ. ಆಚೆ ಇರೋಳ ಮಾತು ಈ ಮನೇಲಿ ಯಾರು ಕೇಳಿದಾರೆ? ಇವತ್ತು ಒಳಗಿದೀನಿ. ನನ್ನ ಮೇಲೆ ಹಣ್ಣು ಸುರೀತೀಯಾ? ಸುರಿ."

ಅಣ್ಣನಿಗೆ ರೇಗಿತು. ಬಾಗಿಲು ಒಡೆಯುವುದೆಂದರೆ ಅವನಿಗೆ ಅಪ್ಪನ ಎದೆಗೆ ಸುತ್ತಿಗೆ ಹಾಕಿದ ಹಾಗೆ. ಮೇಲಾಗಿ ಆ ಗೋಡೆಯಲ್ಲೇ ಕರಿಯ ರುಚಿ ಕೂತಿದೆಯೆಂದು ಅವನ ನಂಬಿಕೆ. ಅವನು ಮಂಡಿಯೂರಿದ. ಅವಳ ಪಾದಗಳನ್ನು ಪಕ್ಕಕ್ಕೆ ತಳ್ಳಿ, ಬಲಗೈಯನ್ನು ತಲೆಯ ಜೊತೆಗೇ ಒಳಗೆ ತೂರಿಸಿ, "ನಿನ್ನ..." ಎನ್ನುತ್ತ ಅವಳ ಮುಂಗೈ ಹಿಡಿದು ಎಳೆದ. ಎಳೆಯುವ ಭರದಲ್ಲಿ ಬಲಭುಜವೂ ಒಳಗೆ ನುಗ್ಗಿತು. ನುಗ್ಗಿದ್ದು ಅಲ್ಲೇ ನಿಂತಿತು.

ಹಿಂದಕ್ಕೆ ಸರಿಯಲು ನೋಡಿದ. ಆಗಲಿಲ್ಲ. ಮುಂದಕ್ಕೂ ಆಗಲಿಲ್ಲ. ಅವಳ ಕೈ ಬಿಟ್ಟ.

"ಏನ್ರೀ?" ಹೊರಗಿನಿಂದ ಅತ್ತಿಗೆ. "ಯಾಕೆ ಹಾಗೆ ಕಾಲು ಬಡೀತಿದೀರಿ?"

"ಸಿಕ್ಕೊಂಡಿದೀನಿ."

"ಎಳೀಲಾ?"

ಎಳೆದೇಬಿಟ್ಟಳು. ಒಳಗೆ ಅಣ್ಣ ಕೂಗಿದ ಕೂಗು ತೊಟ್ಟಿಯನ್ನು ನಾಲ್ಕು ಸುತ್ತು ಸುತ್ತಿತು. "ಬಿಡೇ! ಕಿವಿ ಇಲ್ಲೇ ಉಳಿಯುತ್ತೆ!"

"ಇದ್ದಾಗಲೂ ಕೇಳಿಸಿಕೊಂಡಿದ್ದೇನಿಲ್ಲ," ಎಂದಳು ಅತ್ತಿಗೆ. ಕಾಲು ಬಿಟ್ಟಳು.

ಗಾರೆಯಜ್ಜ ಬಗ್ಗಿ ಸುತ್ತಲೂ ಬೆರಳಾಡಿಸಿ ನೋಡಿದ. ಒಂದು ಕೂದಲೆಳೆಯೂ ಹೋಗುವಂತಿರಲಿಲ್ಲ. "ಚೆನ್ನಾಗಿ ಕೂತಿದೀಯಪ್ಪ. ನಿನ್ನ ಹೀಗೇ ಬಿಟ್ಟು ಮೇಲಿಂದ ಹಣ್ಣು ಸುರಿದರೆ ಒಂದು ಹನಿ ಸೋರಲ್ಲ. ನನ್ನ ಮೇಣ ಉಳೀತು."

ಪುಟ್ಟಿ ಕಿಲಕಿಲ ನಕ್ಕಳು. ಆಮೇಲೆ ಅಪ್ಪನ ಕಾಲ್ಬೆರಳು ನೆಲ ಗೀರುತ್ತಿರುವುದನ್ನು ಕಂಡು ನಗು ನಿಲ್ಲಿಸಿದಳು.

ಒಳಗೆ ಮೇಣದಬತ್ತಿಯ ಬೆಳಕಿನಲ್ಲಿ ಅಣ್ಣ ತಂಗಿಯರ ಮುಖಗಳು ಒಂದು ಗೇಣು ದೂರದಲ್ಲಿದ್ದವು. ಇಷ್ಟು ಹತ್ತಿರದಿಂದ ಅವರು ಒಬ್ಬರನ್ನೊಬ್ಬರು ನೋಡಿ ಎಷ್ಟು ಕಾಲವಾಗಿತ್ತೋ. ಅಣ್ಣನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಕಣ್ಣು ಅಗಲವಾಗಿ ಅತ್ತಿತ್ತ ಓಡುತ್ತಿದ್ದವು.

"ಕಡ್ಡಿ," ಎಂದ ಪಿಸುದನಿಯಲ್ಲಿ, "ಉಸಿರು ಬರ್ತಿಲ್ಲ."

"ಗೊತ್ತು."

"ಎದೆ ಒಡೆಯೋ ಹಾಗಿದೆ. ನಿನಗೂ... ಪ್ರತಿ ವರ್ಷ ಹೀಗಾ?"

"ವರ್ಷಕ್ಕೆ ಎರಡು ಸಲ. ಬರೋವಾಗ ಒಂದು, ಹೋಗೋವಾಗ ಒಂದು."

"ಯಾಕೆ ಹೇಳಲಿಲ್ಲ?"

"ಹೇಳೋಕೆ ಉಸಿರು ಬೇಕಲ್ಲಣ್ಣ."

ಅವನು ಕಣ್ಣು ಮುಚ್ಚಿದ. ತೊಟ್ಟಿಯೊಳಗೆ ಹಳೆಯ ಕರಿಯ ಹುಳಿವಾಸನೆ, ಒದ್ದೆ ಸಿಮೆಂಟಿನ ತಣ್ಣನೆ ವಾಸನೆ. "ಪುಟ್ಟೀನ ಕಳಿಸಲ್ಲ," ಎಂದ. "ಆಣೆ. ದೇವರಾಣೆ. ಇಲ್ಲಿಂದ ಬಿಡಿಸು."

ಕಡ್ಡಿ ಅವನ ಮುಖವನ್ನು ನೋಡುತ್ತ ಕೂತಳು. ಜೀವಮಾನದಲ್ಲಿ ಮೊದಲ ಸಲ ಅವಳ ಕೈ ಮೇಲಾಗಿತ್ತು. ಈ ಬಾಗಿಲಿಂದ ಬಿಡಿಸಿಕೊಳ್ಳುವ ದಾರಿ ಭೂಮಿಯ ಮೇಲೆ ಅವಳೊಬ್ಬಳಿಗೇ ಗೊತ್ತಿತ್ತು. ಏನು ಕೇಳಿದರೂ ಅವನು ಕೊಡುತ್ತಿದ್ದ. ತಾನು ಹೇಳದೆ ಇನ್ನರ್ಧ ಗಂಟೆ ಕೂತಿದ್ದರೆ ಅಜ್ಜನೇ ಸುತ್ತಿಗೆ ತರುತ್ತಿದ್ದ, ಅದೂ ಅವಳಿಗೆ ಗೊತ್ತಿತ್ತು. ಆದರೆ ಅಣ್ಣನ ತುಟಿ ನೀಲಿಯಾಗುತ್ತಿತ್ತು. ಆ ಗಳಿಗೆ ಹೇಗಿರುತ್ತದೆಂದು ಬಲ್ಲವಳು ಅದನ್ನು ಇನ್ನೊಬ್ಬರ ಮೇಲೆ ಒಂದು ನಿಮಿಷ ಹೆಚ್ಚು ಇಡಲಾರಳು. ದೇವರು ಅವಳನ್ನು ಹಾಗೆ ಮಾಡಿದ್ದ. ಅದೂ ಒಂದು ಬಂಧನವೇ.

"ಸಿಕ್ಕಿಬಿದ್ದವನ ಆಣೆ ನನಗೆ ಬೇಡ," ಎಂದಳು. "ಹೇಳಿದ ಹಾಗೆ ಮಾಡು. ಉಸಿರು ಎಳೀಬೇಡ, ಬಿಡು. ಇರೋದೆಲ್ಲ ಬಿಡು. ಇನ್ನೂ ಇದೆ, ಅದನ್ನೂ ಬಿಡು. ಹೆದರಬೇಡ, ಮತ್ತೆ ಬರುತ್ತೆ. ಈಗ ಬಲಭುಜ ಬೀಳಿಸು, ಸತ್ತವನ ಭುಜದ ಹಾಗೆ. ಕತ್ತು ಎಡಕ್ಕೆ. ಮನಸ್ಸಲ್ಲಿ ಒಂದು ಸಲ ಕರಿ."

"ಯಾರನ್ನ?"

"ಯಾರು ಬರ್ತಾರೋ ಅವರನ್ನ."

ಅವನ ಎದೆ ಚೀಲದಂತೆ ಕುಗ್ಗಿತು. ಅವಳು ಎರಡೂ ಅಂಗೈಯನ್ನು ಅವನ ಭುಜಕ್ಕೊತ್ತಿ ಓರೆಯಾಗಿ ತಿರುಗಿಸಿ ತಳ್ಳಿದಳು. ಅಂಗಿ ಹರಿಯಿತು. ಅಣ್ಣ ಹೊರಗೆ ಬಿದ್ದ.

ಬಾಗಿಲಿನಲ್ಲಿ ಮತ್ತೆ ಬೆಳಕಿನ ಚೌಕ ಕಾಣಿಸಿತು. ಕಡ್ಡಿ ಆ ಚೌಕವನ್ನು ನೋಡುತ್ತ ಕಾದಳು. ಅವನು ಕೆಮ್ಮುವುದು, ಅತ್ತಿಗೆ ನೀರು ಕೊಡುವುದು, ಅವನು ಗುಟುಕರಿಸುವುದು ಎಲ್ಲ ಕೇಳಿಸಿತು. ಬಾಗಿಲು ಒಡೆಯುವ ಮಾತು ಮಾತ್ರ ಕೇಳಿಸಲಿಲ್ಲ. ಕೈಯಲ್ಲಿದ್ದುದನ್ನು ಕೈಯಾರೆ ಬಿಟ್ಟಿದ್ದಳು. ಸುಸ್ತಾಗಿತ್ತು, ಭುಜ ಉರಿಯುತ್ತಿತ್ತು. ತಾನೀಗ ಹೊರಗೆ ಹೋಗಲು ನೋಡಿದರೂ ಹೋಗಬಲ್ಲೆನೆಂಬ ಧೈರ್ಯ ಅವಳಿಗಿರಲಿಲ್ಲ.

"ಅಜ್ಜ," ಅಣ್ಣನ ದನಿ ಒರಟಾಗಿತ್ತು. "ಒಡೆದು ಹೊಸ ಬಾಗಿಲು ಕೂರಿಸೋಕೆ ಎಷ್ಟು ದಿನ?"

"ಒಡೆಯೋದು ಮಧ್ಯಾಹ್ನದೊಳಗೆ. ಕಟ್ಟೋದು ಎರಡು ದಿನ. ಒಣಗೋಕೆ ಹದಿನೈದು. ಆಮೇಲೆ ನೀರು ನಿಲ್ಲಿಸಿ ಒಂದು ವಾರ."

"ಹಣ್ಣು ನಾಳೆ ತನಕ ನಿಲ್ಲಲ್ಲ."

"ಅದು ನಿನಗೇ ಗೊತ್ತು."

"ಬಿಳಿಯ ತೊಟ್ಟಿ ತುಂಬಿದೆ, ಹುದುಗು ಬಂದು ಕುದೀತಿದೆ. ಅಂದರೆ ಈ ವರ್ಷ ಕರಿ ಇಲ್ಲ."

ಅಪ್ಪನ ಕಾಲದಿಂದ ಕರಿಯಿಲ್ಲದ ವರ್ಷವನ್ನು ಆ ಮನೆ ಕಂಡಿರಲಿಲ್ಲ. ಅತ್ತಿಗೆ ಮೆಲ್ಲಗೆ ಹೇಳಿದಳು: "ಕರಿ ಬರೋ ವರ್ಷ ಬರುತ್ತೆ ಬಿಡಿ. ಅದೇನು ಅವಸರದ್ದಲ್ವಲ್ಲ."

ಅಣ್ಣ ಬಾಗಿಲ ಹತ್ತಿರ ಬಂದ. ಈ ಸಲ ತಲೆ ತೂರಿಸಲಿಲ್ಲ, ದೂರದಿಂದಲೇ ಬಗ್ಗಿದ. "ಒಡೆಸ್ತೀನಿ. ನೀನು ಮೊದಲು ಆಚೆ ಬಾ. ಕಲ್ಲು ಬೀಳುತ್ತೆ."

"ಒಡೆದ ಮೇಲೆ ಬರ್ತೀನಿ."

"ನನ್ನ ಮೇಲೆ ನಂಬಿಕೆ ಇಲ್ವಾ?"

ಅವಳು ಯೋಚಿಸಿಯೇ ಹೇಳಿದಳು. "ಈಗಿನ ನಿನ್ನ ಮೇಲೆ ಇದೆಯಣ್ಣ. ಅರ್ಧ ಗಂಟೆ ಬಿಟ್ಟು ಅಂಗಳಕ್ಕೆ ಹೋಗಿ ಹಣ್ಣು ನೋಡ್ತೀಯಲ್ಲ, ಆ ನಿನ್ನ ಮೇಲಿಲ್ಲ."

ಅವನಿಗೆ ನೋಯಿತು. ಆದರೆ ಸುಳ್ಳೆನ್ನಲಾಗಲಿಲ್ಲ. ಆಗಲೇ ಅವನ ಕಣ್ಣು ಎರಡು ಸಲ ಅಂಗಳದ ಕಡೆ ಹೋಗಿಬಂದಿತ್ತು. ಅಂಗೈಯನ್ನು ತೊಟ್ಟಿಯ ಗೋಡೆಗೆ ಇಟ್ಟು ಸ್ವಲ್ಪ ಹೊತ್ತು ನಿಂತ. ಮನಸ್ಸಿನಲ್ಲಿ ಯಾರನ್ನಾದರೂ ಕರೆದನೋ ಏನೋ, ತಿಳಿಯದು.

"ಒಡಿ ಅಜ್ಜ. ಅವಳು ಒಳಗಿರುವಾಗಲೇ ಒಡಿ. ನಾನು ಅಂಗಳದ ಕಡೆ ಹೋಗದ ಹಾಗೆ ನೋಡ್ಕೊ."

ಕಡ್ಡಿ ಹಿಂದಿನ ಮೂಲೆಗೆ ಸರಿದು, ಹರಳು ತುಂಬಲು ತಂದಿದ್ದ ಗೋಣಿಯನ್ನು ತಲೆಯ ಮೇಲೆ ಹೊದ್ದು ಕೂತಳು. ಮೊದಲ ಪೆಟ್ಟು ಬಿದ್ದಾಗ ಅವಳ ಹಲ್ಲುಗಳು ಅದುರಿದವು. ಹತ್ತನೆಯದಕ್ಕೆ ಅಂಚು ಬಿರಿಯಿತು. ಗಾರೆಯಜ್ಜ ತಾನೇ ಕಟ್ಟಿದ್ದನ್ನು ತಾನೇ ಬೈಯುತ್ತ ಬಡಿಯುತ್ತಿದ್ದ: "ಎಷ್ಟು ಗಟ್ಟಿ ಕಟ್ಟಿದಾನೆ ಮುಠ್ಠಾಳ!" ಕೈ ಸೋತಾಗ ಅಣ್ಣ ಸುತ್ತಿಗೆ ತೆಗೆದುಕೊಂಡ. ಬೆಳಕು ಚೂರುಚೂರಾಗಿ ಒಳಗೆ ಬಿದ್ದು, ಕೆಂಪು ಹರಳುಗಳ ಮೇಲೆ ಹರಡಿ, ಅವಳ ಪಾದದವರೆಗೂ ಬಂದಿತು. ಒಳಗಿನ ಗೋಡೆಗೆ ಅಷ್ಟೊಂದು ಬಣ್ಣವಿದೆಯೆಂದು ಅವಳಿಗೆ ಅಂದೇ ತಿಳಿದದ್ದು.

ಸದ್ದು ನಿಂತ ಮೇಲೆ ಅವಳು ಎದ್ದಳು. ಎಮ್ಮೆ ಹೊರಬರುವಷ್ಟು ದೊಡ್ಡ ಮುರುಕು ಅಂಚಿನ ತೂತು ಎದುರಿಗಿತ್ತು. ಆದರೂ ಅವಳು ಒಂದು ತೋಳು ಚಾಚಿ, ಒಂದು ಭುಜ ಇಳಿಬಿಟ್ಟು, ಉಸಿರೆಲ್ಲ ಹೊರಗೆ ಬಿಟ್ಟು, ಓರೆಯಾಗಿಯೇ ಬಂದಳು. ನೋಡುತ್ತಿದ್ದವರು ಯಾರೂ ನಗಲಿಲ್ಲ.

"ಹೊಸದಕ್ಕೆ ಯಾರ ಅಳತೆ ತಗೊಳ್ಳಲಿ?" ಎಂದು ಅಜ್ಜ ದಾರ ಬಿಚ್ಚಿದ.

"ನಂದು," ಎಂದು ಅಣ್ಣ ಹರಿದ ಅಂಗಿಯಲ್ಲೇ ಗೋಡೆಗೆ ಒರಗಿ ನಿಂತ.

ಆಮೇಲೆ ಅವನು ಅಂಗಳಕ್ಕೆ ಹೋದ. ಊರಾಚೆಯ ದೊಡ್ಡ ವೈನ್ ಮನೆಗೆ ಹೇಳಿಕಳಿಸಿ ಲಾರಿ ತರಿಸಿದ. ಅಲ್ಲಿ ಹಟದ ಕರಿಯನ್ನು ಹತ್ತು ಬಗೆಯ ಜೊತೆ ಬೆರೆಸುತ್ತಾರೆ, ಯಾವುದು ಎಲ್ಲಿಯದೆಂದು ಯಾರಿಗೂ ಗೊತ್ತಾಗುವುದಿಲ್ಲ. ಪೆಟ್ಟಿಗೆಗಳನ್ನು ಅವನೇ ಎತ್ತಿ ಕೊಟ್ಟ. ಕೊನೆಯದನ್ನು ಕೊಟ್ಟು ಲಾರಿ ತಿರುವು ದಾಟುವವರೆಗೂ ನಿಂತಿದ್ದು, ಯಾರನ್ನೂ ನೋಡದೆ ತೋಟದ ಕಡೆ ನಡೆದ.

ಬಚ್ಚಲಲ್ಲಿ ಅತ್ತಿಗೆ ಬಿಸಿನೀರು ತೋಡಿ ಕಡ್ಡಿಯ ಬೆನ್ನಿಗೆ ಹುಯ್ದಳು. ಸುಲಿದ ಭುಜದ ಮೇಲೆ ಹೊಸ ಗಾಯ, ಅದರ ಕೆಳಗೆ ಹೋದ ವರ್ಷದ ಕಲೆ, ಅದರ ಕೆಳಗೆ ಅದಕ್ಕೂ ಹಿಂದಿನದು. ಅತ್ತಿಗೆ ಬೆರಳ ತುದಿಯಿಂದ ಸಿಮೆಂಟಿನ ಪುಡಿ ಬಿಡಿಸುತ್ತ ಹೋದಳು.

"ಅತ್ತಿಗೆ."

"ಹೂಂ."

"ಪುಟ್ಟಿ ಹೋಗಲ್ಲ. ನಾನೂ ಹೋಗಲ್ಲ."

"ಹೋಗಲ್ಲ."

"ಹಾಗಾದರೆ ಈ ಮನೇಲಿ ಇನ್ನು ನಾನು ಏನು?"

ಅತ್ತಿಗೆಯ ಕೈಯಲ್ಲಿದ್ದ ಚೊಂಬು ನಿಂತಿತು. ಅದನ್ನು ಕೆಳಗಿಟ್ಟು ಸೋಪು ತೆಗೆದುಕೊಂಡಳು. ಹೊಸ್ತಿಲ ಆಚೆ ಪುಟ್ಟಿ, ತನ್ನನ್ನು ಒಳಗೆ ಬಿಡಲಿಲ್ಲವೆಂದು ಇನ್ನೂ ಮುಖ ಊದಿಸಿಕೊಂಡು ಕೂತಿದ್ದಳು.

"ಕಣ್ಣು ಮುಚ್ಚು," ಎಂದಳು ಅತ್ತಿಗೆ. "ಸೋಪು ಒಳಗೆ ಹೋಗುತ್ತೆ."